ಕೇಳಿ ಪಡೆದ ಅರಸ

ಹೀಬ್ರೂ ಅಕ್ಷರಗಳನ್ನು ನಾನು ಕಲಿತದ್ದು ನಲವತ್ತೈದು ದಾಟಿದ ಮೇಲೆ. ಸ್ನಾತಕೋತ್ತರ ತರಗತಿಗೆ ಗ್ರಂಥಸಂಪಾದನಾಶಾಸ್ತ್ರವನ್ನು ಪಾಠ ಹೇಳುವವನಿಗೆ ಪಾಠಾಂತರ, ಪ್ರಕ್ಷೇಪ, ಲೋಪ ಎಂಬ ಪರಿಭಾಷೆಗಳನ್ನು ಅವೇ ಹಳಗನ್ನಡ ಉದಾಹರಣೆಗಳಿಂದ ವರ್ಷ ವರ್ಷವೂ ವಿವರಿಸುವಾಗ ಒಂದು ಬಗೆಯ ಸವಕಲು ಬಂದುಬಿಡುತ್ತದೆ. ಬೇರೊಂದು ಪರಂಪರೆ ತನ್ನ ಪ್ರಾಚೀನ ಗ್ರಂಥವನ್ನು ಹೇಗೆ ಪ್ರತಿಮಾಡಿಕೊಂಡು ಬಂದಿತೆಂದು ನೋಡುವ ಕುತೂಹಲದಿಂದ ಹೀಬ್ರೂ ಬೈಬಲಿನ ಸಮುವೇಲನ ಗ್ರಂಥವನ್ನು ಕೈಗೆತ್ತಿಕೊಂಡೆ. ಒಂದು ವ್ಯಾಕರಣ, ಒಂದು ನಿಘಂಟು, ಪಕ್ಕದಲ್ಲಿ ಕನ್ನಡ ಬೈಬಲು, ಇಷ್ಟೇ ಸಾಮಗ್ರಿ. ದಿನಕ್ಕೆ ನಾಲ್ಕೈದು ವಾಕ್ಯಗಳಿಗಿಂತ ಹೆಚ್ಚು ಸಾಗುತ್ತಿರಲಿಲ್ಲ. ಪಾಠಾಂತರಗಳಿಗಾಗಿ ಹೋದವನನ್ನು ಅಲ್ಲಿ ಹಿಡಿದು ನಿಲ್ಲಿಸಿದವನು ಸೌಲ.

ಹೀಬ್ರೂ ಪರಂಪರೆಯಲ್ಲಿ ಸಮುವೇಲನ ಗ್ರಂಥ ಒಂದೇ. ಅದನ್ನು ಎರಡಾಗಿ ಒಡೆದವರು ಗ್ರೀಕಿಗೆ ಅನುವಾದಿಸಿದವರು. ಕನ್ನಡ ಬೈಬಲೂ ಆ ವಿಭಜನೆಯನ್ನೇ ಅನುಸರಿಸಿದೆ. ಕ್ರಿ.ಪೂ. 11ನೆಯ ಶತಮಾನದ ಕೊನೆಯ ಭಾಗದಲ್ಲಿ, ಅರಸನಿಲ್ಲದೆ ಕುಲಗಳಾಗಿ ಬಾಳುತ್ತಿದ್ದ ಇಸ್ರಾಯೇಲ್ಯರು ರಾಜತ್ವದ ಕಡೆಗೆ ಹೊರಳಿದ ಕಥೆ ಅದು. ಸಮುವೇಲನು ಕೊನೆಯ ನ್ಯಾಯಸ್ಥಾಪಕ, ಸೌಲನು ಮೊದಲ ಅರಸ, ದಾವೀದನು ಎರಡನೆಯವನು. ದಾವೀದನ ವಂಶ ಯೆರೂಸಲೇಮಿನಲ್ಲಿ ನಾಲ್ಕು ಶತಮಾನಗಳ ಕಾಲ ಆಳಿತು. ಸೌಲನ ವಂಶ ಅವನ ಮಗನೊಂದಿಗೇ ಮುಗಿಯಿತು. 1993ರಲ್ಲಿ ತೆಲ್ ದಾನ್ ಎಂಬಲ್ಲಿ ದೊರೆತ ಕ್ರಿ.ಪೂ. 9ನೆಯ ಶತಮಾನದ ಅರಾಮಿಕ್ ಶಾಸನದ ತುಣುಕಿನಲ್ಲಿ ದಾವೀದನ ಮನೆತನದ ಉಲ್ಲೇಖವಿದೆಯೆಂದು ಬಹುತೇಕ ವಿದ್ವಾಂಸರು ಓದುತ್ತಾರೆ. ಸೌಲನ ಹೆಸರು ಹೊತ್ತ ಅಂಥ ಒಂದು ಕಲ್ಲೂ ಈವರೆಗೆ ಸಿಕ್ಕಿಲ್ಲ. ಅವನ ಬಗ್ಗೆ ನಮಗೆ ತಿಳಿದಿರುವುದೆಲ್ಲ ಅವನ ಪ್ರತಿಸ್ಪರ್ಧಿಯ ವಂಶದ ನೆರಳಿನಲ್ಲಿ ಬೆಳೆದು ಬಂದ ಗ್ರಂಥದಿಂದಲೇ ತಿಳಿದದ್ದು. ಶಾಸನಗಳನ್ನು ಓದಿ ಬೆಳೆದ ನಮಗೆ ಇಂಥ ಪರಿಸ್ಥಿತಿ ಪರಿಚಿತ. ಗೆದ್ದವನ ಪ್ರಶಸ್ತಿಯಲ್ಲಿ ಸೋತವನು ಒಂದು ಬಿರುದಿನ ಒಳಗೆ ಸಿಕ್ಕಿಕೊಂಡ ಹೆಸರಾಗಿ ಮಾತ್ರ ಉಳಿಯುತ್ತಾನೆ. ಸಮುವೇಲನ ಗ್ರಂಥದಲ್ಲಿ ಹಾಗಾಗಲಿಲ್ಲ. ಯಾಕೆ ಆಗಲಿಲ್ಲ, ಆ ಗ್ರಂಥ ಸೋತವನಿಗೆ ಎಷ್ಟರಮಟ್ಟಿಗೆ ನ್ಯಾಯ ಸಲ್ಲಿಸಿತು ಎಂಬ ಪ್ರಶ್ನೆ ನನ್ನನ್ನು ಹತ್ತು ವರ್ಷಗಳಿಂದ ಬಿಟ್ಟಿಲ್ಲ. ಅದಕ್ಕೆ ಒಂದು ದಾರಿ ತೋರಿಸಿದ್ದು ಒಂದು ಕ್ರಿಯಾಪದ.

ಗ್ರಂಥದ ಮೊದಲ ಅಧ್ಯಾಯದಲ್ಲೇ ಒಂದು ತೊಡಕಿದೆ. ಮಕ್ಕಳಿಲ್ಲದ ಹನ್ನ ಎಂಬ ಹೆಂಗಸು ಶೀಲೋವಿನ ದೇವಾಲಯದಲ್ಲಿ ತುಟಿಯಷ್ಟೇ ಆಡಿಸಿ ಪ್ರಾರ್ಥಿಸುತ್ತಾಳೆ. ಯಾಜಕನಾದ ಏಲಿ ಅವಳು ಕುಡಿದಿದ್ದಾಳೆಂದು ಭಾವಿಸಿ ಗದರುತ್ತಾನೆ; ವಿಷಯ ತಿಳಿದ ಮೇಲೆ ಹರಸುತ್ತಾನೆ. ಗಂಡುಮಗು ಹುಟ್ಟಿದಾಗ, ದೇವರಲ್ಲಿ ಕೇಳಿ ಪಡೆದೆನೆಂಬ ಕಾರಣ ಕೊಟ್ಟು ಅವಳು ಅದಕ್ಕೆ ಸಮುವೇಲ ಎಂದು ಹೆಸರಿಡುತ್ತಾಳೆ. ಈ ನಿರುಕ್ತಿ ಹೊಂದುವುದಿಲ್ಲ. ಹೀಬ್ರೂವಿನಲ್ಲಿ ಕೇಳು, ಬೇಡು ಎಂಬ ಅರ್ಥದ ಧಾತು 'ಶಾಅಲ್'. 'ಶೆಮುಏಲ್' ಎಂಬ ಹೆಸರು ಅದರಿಂದ ಹುಟ್ಟಲಾರದು. ಆ ಧಾತುವಿನಿಂದ ನೇರವಾಗಿ ಹುಟ್ಟುವ ಹೆಸರು 'ಶಾಊಲ್', ಅಂದರೆ ಕೇಳಿ ಪಡೆದವನು; ಕನ್ನಡ ಬೈಬಲಿನ ಸೌಲ. ಆ ಒಂದು ಅಧ್ಯಾಯದಲ್ಲಿ ಈ ಧಾತು ಏಳು ಬಾರಿ ಬರುತ್ತದೆ. ಕೊನೆಯ ಬಾರಿ, ಮಗುವನ್ನು ದೇವರಿಗೆ ಒಪ್ಪಿಸುವ ಮಾತಿನಲ್ಲಿ, ಅದು ಬಂದಿರುವ ರೂಪ ಅಕ್ಷರಶಃ ಅರಸನ ಹೆಸರೇ.

ಇದನ್ನು ಕಂಡ ಕೆಲವು ವಿದ್ವಾಂಸರು, ಮೂಲದಲ್ಲಿ ಇದು ಸೌಲನ ಜನನದ ಕಥೆಯೇ ಆಗಿತ್ತು, ಆಮೇಲೆ ಯಾರೋ ಅದನ್ನು ಅವನಿಂದ ಕಿತ್ತು ಸಮುವೇಲನಿಗೆ ತೊಡಿಸಿದರು ಎಂದು ಊಹಿಸಿದ್ದಾರೆ. ಸೋತ ಅರಸನ ಕೈಯಿಂದ ಸಿಂಹಾಸನವನ್ನಷ್ಟೇ ಅಲ್ಲ, ತೊಟ್ಟಿಲನ್ನೂ ಕಿತ್ತುಕೊಂಡರೆಂದಾಯಿತು. ಊಹೆ ಆಕರ್ಷಕವಾಗಿದೆ. ಆದರೆ ನನ್ನ ಮನಸ್ಸು ಅದನ್ನು ಒಪ್ಪುವುದಿಲ್ಲ. ಹೆಸರು ಬದಲಿಸುವಷ್ಟು ಧೈರ್ಯವಿದ್ದ ತಿದ್ದುಗಾರ ಏಳು ಕಡೆ ಸಾಕ್ಷ್ಯವನ್ನು ಉಳಿಸಿ ಹೋಗುತ್ತಿರಲಿಲ್ಲ. ಕಥೆಗಾರ ಬೇಕೆಂದೇ ಸೌಲನ ಹೆಸರನ್ನು ಅವನು ಹುಟ್ಟುವ ಮೊದಲೇ ಓದುಗನ ಕಿವಿಗೆ ಹಾಕುತ್ತಿದ್ದಾನೆ ಎಂದೇ ನನಗೆ ತೋರುತ್ತದೆ. ಒಬ್ಬ ತಾಯಿ ಕೇಳಿದಳು, ಪ್ರವಾದಿಯನ್ನು ಪಡೆದಳು. ಮುಂದೆ ಒಂದು ಜನಾಂಗ ಕೇಳಲಿದೆ.

ಇಲ್ಲಿ ಕನ್ನಡ ಓದುಗನಿಗೆ ಒಂದು ಅನುಕೂಲವಿದೆ. ನಮ್ಮ 'ಕೇಳು' ಎಂಬ ಪದ ಪ್ರಶ್ನಿಸುವುದಕ್ಕೂ ಬೇಡುವುದಕ್ಕೂ ಕಿವಿಗೊಡುವುದಕ್ಕೂ ಒಂದೇ. ಕಿಟ್ಟೆಲ್ ಅವರ 1894ರ ನಿಘಂಟನ್ನು ತೆರೆದರೆ ಈ ಅರ್ಥಗಳು ಒಂದೇ ಮನೆಯಲ್ಲಿ ವಾಸವಾಗಿರುವುದು ಕಾಣುತ್ತದೆ. ಹೀಬ್ರೂವಿನಲ್ಲಿ ಅವು ಎರಡು ಬೇರೆ ಧಾತುಗಳು. ಪ್ರಶ್ನಿಸುವುದು, ಬೇಡುವುದು 'ಶಾಅಲ್'. ಕಿವಿಗೊಡುವುದು, ಹೇಳಿದಂತೆ ನಡೆಯುವುದು 'ಶಾಮಅ'. ಧ್ವನಿಯಲ್ಲಿ ಹತ್ತಿರ, ಅರ್ಥದಲ್ಲಿ ಎದುರುಬದುರು. ಸೌಲನ ಇಡೀ ಕಥೆ ಈ ಎರಡು ಧಾತುಗಳ ನಡುವೆ ನಡೆಯುತ್ತದೆ. ಅನುವಾದದಲ್ಲಿ ಅವು ಸಂದರ್ಭಕ್ಕೆ ತಕ್ಕಂತೆ ಬೇಡು, ವಿಚಾರಿಸು, ಒಪ್ಪು, ವಿಧೇಯನಾಗು ಎಂದು ಚದುರಿಹೋಗುವುದು ಸಹಜ. ಅದು ಅನುವಾದಕರ ದೋಷವಲ್ಲ. ಹೀಬ್ರೂ ಪುಟದಲ್ಲಿ ಮಾತ್ರ ಅವು ಒಂದನ್ನೊಂದು ಕೂಗುತ್ತಿರುತ್ತವೆ.

ಎಂಟನೆಯ ಅಧ್ಯಾಯಕ್ಕೆ ಬರೋಣ. ಸಮುವೇಲ ಮುದುಕನಾಗಿದ್ದಾನೆ. ಬೇರ್ಷೆಬದಲ್ಲಿ ನ್ಯಾಯತೀರ್ಮಾನಕ್ಕೆ ಕುಳಿತ ಅವನ ಮಕ್ಕಳು ಲಂಚ ತಿನ್ನುತ್ತಾರೆ. ಹಿರಿಯರು ರಾಮಕ್ಕೆ ಬಂದು, ಸುತ್ತಲ ಜನಾಂಗಗಳಿಗೆ ಇರುವಂತೆ ತಮಗೂ ಒಬ್ಬ ಅರಸ ಬೇಕೆಂದು ಕೇಳುತ್ತಾರೆ. ಸಮುವೇಲನಿಗೆ ಇದು ಹಿಡಿಸುವುದಿಲ್ಲ. ದೇವರಿಗೂ ಹಿಡಿಸುವುದಿಲ್ಲ, ಆದರೂ ಜನರ ಮಾತಿಗೆ ಕಿವಿಗೊಡು ಎಂದೇ ಸಮುವೇಲನಿಗೆ ಆಜ್ಞೆಯಾಗುತ್ತದೆ, ಆ ಒಂದೇ ಅಧ್ಯಾಯದಲ್ಲಿ ಮೂರು ಬಾರಿ. ಆಗ ಸಮುವೇಲ ಅರಸ ಎಂಬುವನು ಏನು ಮಾಡುತ್ತಾನೆಂದು ಜನರಿಗೆ ವಿವರಿಸುತ್ತಾನೆ. ಗಂಡುಮಕ್ಕಳನ್ನು ರಥಕ್ಕೂ ಉಳುಮೆಗೂ, ಹೆಣ್ಣುಮಕ್ಕಳನ್ನು ಅಡುಗೆಗೂ ಸುಗಂಧ ತಯಾರಿಕೆಗೂ, ಹೊಲ, ದ್ರಾಕ್ಷಿತೋಟ, ಎಣ್ಣೆಮರದ ತೋಪು, ಆಳುಕಾಳು, ಕತ್ತೆ, ಎಲ್ಲವನ್ನೂ ತೆಗೆದುಕೊಳ್ಳುತ್ತಾನೆ; ಬೆಳೆಯಲ್ಲಿಯೂ ಕುರಿಮಂದೆಯಲ್ಲಿಯೂ ಹತ್ತರಲ್ಲೊಂದು ಪಾಲು ಎತ್ತುತ್ತಾನೆ. ಪ್ರಾಚೀನ ಜಗತ್ತಿನಲ್ಲಿ ರಾಜತ್ವದ ಬಗ್ಗೆ ಇಷ್ಟು ಬಿಚ್ಚುಮಾತಿನ ಲೆಕ್ಕಪತ್ರ ನನಗೆ ಬೇರೆ ಸಿಕ್ಕಿಲ್ಲ. ಕೊನೆಯಲ್ಲಿ ಅವನು ಸೇರಿಸುವ ಎಚ್ಚರಿಕೆಯನ್ನು ನೆನಪಿಡಬೇಕು. ನೀವು ಆರಿಸಿಕೊಂಡ ಅರಸನ ಕಾಟ ತಾಳದೆ ಗೋಳಿಡುವ ಆ ದಿನದಲ್ಲಿ ದೇವರು ನಿಮಗೆ ಉತ್ತರಿಸುವುದಿಲ್ಲ ಎಂಬ ಅರ್ಥದ ಮಾತು ಅದು.

ಸೌಲ ಅರಸನಾದ ಬಗೆಯನ್ನು ಗ್ರಂಥ ಮೂರು ಸಲ ಹೇಳುತ್ತದೆ. ಕಳೆದುಹೋದ ಕತ್ತೆಗಳನ್ನು ಹುಡುಕುತ್ತ ಹೊರಟ ಎತ್ತರದ ತರುಣನಿಗೆ ಸಮುವೇಲ ಊರ ಹೊರಗೆ ಯಾರಿಗೂ ತಿಳಿಯದಂತೆ ಎಣ್ಣೆ ಸುರಿಯುವುದು ಒಂದು. ಮಿಚ್ಪೆಯಲ್ಲಿ ಚೀಟು ಹಾಕಿದಾಗ ಅವನ ಹೆಸರು ಬಂದು, ಸಾಮಾನುಗಳ ನಡುವೆ ಅಡಗಿದ್ದವನನ್ನು ಎಳೆದು ತರುವುದು ಇನ್ನೊಂದು. ಯಾಬೇಷ್ ಗಿಲ್ಯಾದಿನವರ ಬಲಗಣ್ಣುಗಳನ್ನು ಕೀಳಿಸುವೆನೆಂದ ಅಮ್ಮೋನಿಯರ ನಾಹಾಷನನ್ನು ಸೋಲಿಸಿದ ಮೇಲೆ ಜನರೇ ಗಿಲ್ಗಾಲಿನಲ್ಲಿ ಅವನನ್ನು ಅರಸನನ್ನಾಗಿ ಮಾಡುವುದು ಮೂರನೆಯದು. ವೆಲ್ಹೌಸನ್ ಕಾಲದಿಂದ ವಿದ್ವಾಂಸರು ಇವುಗಳಲ್ಲಿ ರಾಜತ್ವದ ಪರ, ವಿರೋಧ ಎಂಬ ಎರಡು ಧ್ವನಿಗಳನ್ನು ಬೇರ್ಪಡಿಸುತ್ತ ಬಂದಿದ್ದಾರೆ. ನನಗೆ ಮುಖ್ಯವೆನಿಸುವುದು, ಗ್ರಂಥವನ್ನು ಕೂಡಿಸಿದವನು ಅವುಗಳನ್ನು ಒಂದಾಗಿ ಕರಗಿಸಲಿಲ್ಲ ಎಂಬುದು. ನನ್ನ ಸಂಶೋಧನ ಮಾರ್ಗದರ್ಶಕರು, ಹೊಲಿಗೆ ಕಾಣುವ ಗ್ರಂಥವನ್ನು ನಂಬು, ಹೊಲಿಗೆ ಕಾಣದ್ದನ್ನು ಇನ್ನೊಮ್ಮೆ ನೋಡು, ಎನ್ನುತ್ತಿದ್ದರು.

ಪ್ರತಿಗಳ ಮಾತು ಬಂದುದರಿಂದ ಸ್ವಲ್ಪ ಅಡ್ಡದಾರಿ ಹಿಡಿಯುತ್ತೇನೆ. ಸಮುವೇಲನ ಗ್ರಂಥದ ಹೀಬ್ರೂ ಪಾಠ ಬೈಬಲಿನಲ್ಲೇ ಅತಿ ಹೆಚ್ಚು ಜಖಂಗೊಂಡ ಪಾಠಗಳಲ್ಲೊಂದು. ಹದಿಮೂರನೆಯ ಅಧ್ಯಾಯದ ಮೊದಲ ವಾಕ್ಯವನ್ನು ಇದ್ದಂತೆ ಓದಿದರೆ ಸೌಲ ಪಟ್ಟಕ್ಕೆ ಬಂದಾಗ ಅವನಿಗೆ ಒಂದು ವರ್ಷ ವಯಸ್ಸು! ಅಲ್ಲಿದ್ದ ಸಂಖ್ಯೆ ಎಲ್ಲೋ ಬಿದ್ದುಹೋಗಿದೆ. ಲಿಪಿಕಾರರು ಅದನ್ನು ಊಹಿಸಿ ತುಂಬದೆ ಬಿದ್ದಂತೆಯೇ ಬಿಟ್ಟರು. 1952ರಲ್ಲಿ ಮೃತ ಸಮುದ್ರದ ಬಳಿಯ ಕುಮ್ರಾನಿನ ನಾಲ್ಕನೆಯ ಗುಹೆಯಲ್ಲಿ ದೊರೆತ ಸಮುವೇಲನ ಸುರುಳಿಯೊಂದು ಕ್ರಿ.ಪೂ. ಮೊದಲ ಶತಮಾನದ್ದು, ಫ್ರಾಂಕ್ ಮೂರ್ ಕ್ರಾಸ್ ಮತ್ತು ಸಂಗಡಿಗರ ಅದರ ಪೂರ್ಣ ಸಂಪಾದನೆ ಹೊರಬಂದದ್ದು 2005ರಲ್ಲಿ. ಅದರಲ್ಲಿ ನಾಹಾಷನ ಕ್ರೌರ್ಯವನ್ನು ವಿವರಿಸುವ, ಪ್ರಚಲಿತ ಹೀಬ್ರೂ ಪಾಠದಲ್ಲಿಲ್ಲದ ಒಂದು ಇಡೀ ಕಂಡಿಕೆ ಇದೆ. ಗೊಲ್ಯಾತನ ಎತ್ತರ ಪ್ರಚಲಿತ ಪಾಠದಲ್ಲಿ ಆರು ಮೊಳ ಒಂದು ಗೇಣು. ಈ ಸುರುಳಿಯಲ್ಲಿಯೂ ಗ್ರೀಕ್ ಪ್ರತಿಗಳಲ್ಲಿಯೂ ನಾಲ್ಕು ಮೊಳ ಒಂದು ಗೇಣು. ವಿದ್ಯಾರ್ಥಿಗಳು ಇಲ್ಲಿ ತಪ್ಪದೆ ನಗುತ್ತಾರೆ. ದೈತ್ಯರು ಪ್ರತಿಯಿಂದ ಪ್ರತಿಗೆ ಬೆಳೆಯುವುದು ಅವರಿಗೆ ಗೊತ್ತಿರುವ ಸಂಗತಿಯೇ.

ಈ ಎಲ್ಲ ಪಾಠಾಂತರಗಳಲ್ಲಿ ನನ್ನನ್ನು ಬಹಳ ಕಾಡಿದ್ದು ಹದಿನಾಲ್ಕನೆಯ ಅಧ್ಯಾಯದ್ದು. ಫಿಲಿಷ್ಟಿಯರನ್ನು ಬೆನ್ನಟ್ಟಲೇ ಎಂದು ಸೌಲ ದೇವರನ್ನು ಕೇಳುತ್ತಾನೆ. ಕ್ರಿಯಾಪದ 'ಶಾಅಲ್', ಕೇಳಿ ಪಡೆದವನೆಂಬ ಹೆಸರಿನವನು ಮೊದಲ ಬಾರಿ ತಾನೇ ಕೇಳುತ್ತಿದ್ದಾನೆ. ಆ ದಿನದಲ್ಲಿ ದೇವರು ಅವನಿಗೆ ಉತ್ತರಿಸಲಿಲ್ಲ ಎಂದು ಗ್ರಂಥ ಹೇಳುತ್ತದೆ. ಸಮುವೇಲ ಎಂಟನೆಯ ಅಧ್ಯಾಯದಲ್ಲಿ ಜನರಿಗೆ ಕೊಟ್ಟ ಎಚ್ಚರಿಕೆಯ ಪದಗಳೇ ಇವು, 'ಆ ದಿನದಲ್ಲಿ' ಎಂಬುದೂ ಸೇರಿದಂತೆ. ಜನರ ತಲೆಯ ಮೇಲೆ ತೂಗಿದ್ದ ಮೌನ ಮೊದಲು ಬಿದ್ದದ್ದು ಅರಸನ ತಲೆಯ ಮೇಲೆಯೇ. ಆಮೇಲೆ ಸೌಲ ತಪ್ಪಿತಸ್ಥ ಯಾರೆಂದು ತಿಳಿಯಲು ಚೀಟು ಹಾಕಿಸುತ್ತಾನೆ. ಪ್ರಚಲಿತ ಹೀಬ್ರೂ ಪಾಠದಲ್ಲಿ ಅವನ ಪ್ರಾರ್ಥನೆ ಎರಡೇ ತುಂಡು ಪದಗಳು, ಅರ್ಥವೂ ಅಸ್ಪಷ್ಟ. ಗ್ರೀಕ್ ಅನುವಾದದಲ್ಲಿ ಅದೇ ಜಾಗದಲ್ಲಿ ದೀರ್ಘವಾದ ಮಾತಿದೆ. ಸೇವಕನಾದ ತನಗೆ ಈ ದಿನ ಯಾಕೆ ಉತ್ತರ ಕೊಡಲಿಲ್ಲವೆಂದು ಸೌಲ ನೇರವಾಗಿ ದೇವರನ್ನೇ ಕೇಳುತ್ತಾನೆ. ತಪ್ಪು ತನ್ನಲ್ಲೋ ತನ್ನ ಮಗ ಯೋನಾತಾನನಲ್ಲೋ ಇದ್ದರೆ ಊರೀಮ್ ಬರಲಿ, ಜನರಲ್ಲಿದ್ದರೆ ತುಮ್ಮೀಮ್ ಬರಲಿ ಎನ್ನುತ್ತಾನೆ. ಮೂಲ ಹೀಬ್ರೂವಿನಲ್ಲೂ ಇದು ಇದ್ದಿರಬೇಕು. 'ಇಸ್ರಾಯೇಲ್' ಎಂಬ ಪದ ಆ ಭಾಗದ ಆದಿಯಲ್ಲೂ ಅಂತ್ಯದಲ್ಲೂ ಬರುವುದರಿಂದ ಲಿಪಿಕಾರನ ಕಣ್ಣು ಮೊದಲ 'ಇಸ್ರಾಯೇಲ್'ನಿಂದ ಕೊನೆಯ 'ಇಸ್ರಾಯೇಲ್'ಗೆ ಹಾರಿದೆ, ನಡುವಿನದೆಲ್ಲ ಬಿದ್ದುಹೋಗಿದೆ. ಓಲೆಗರಿ ನೋಡಿದವರಿಗೆಲ್ಲ ಗೊತ್ತಿರುವ ಲೋಪದ ಬಗೆ ಇದು. ತರಗತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಬೋರ್ಡಿನ ಮೇಲೆ ಅದನ್ನು ಬರೆದು ತೋರಿಸುವಾಗಲೆಲ್ಲ ನನಗೆ ಒಂದು ಸಂಕಟವಾಗುತ್ತದೆ. ತನಗೆ ಯಾಕೆ ಉತ್ತರವಿಲ್ಲವೆಂದು ಈ ಮನುಷ್ಯ ಬಾಯಿಬಿಟ್ಟು ಕೇಳಿದ್ದು ಇದೊಂದೇ ಸಲ. ಅವನ ಸ್ವಂತ ಭಾಷೆಯ ಪ್ರತಿಯಲ್ಲಿ ಆ ಪ್ರಶ್ನೆಯೇ ಉಳಿಯಲಿಲ್ಲ.

ಇನ್ನು 'ಶಾಮಅ'. ಸೌಲ ತಿರಸ್ಕೃತನಾದ ಕಥೆಯೂ ಎರಡು ಸಲ ಬರುತ್ತದೆ. ಮೊದಲನೆಯದರಲ್ಲಿ ಸಮುವೇಲ ಹೇಳಿದಂತೆ ಏಳು ದಿನ ಕಾಯುತ್ತಾನೆ. ಸಮುವೇಲ ಬರುವುದಿಲ್ಲ, ಸೈನಿಕರು ಚದುರುತ್ತಿದ್ದಾರೆ, ಫಿಲಿಷ್ಟಿಯರು ಮಿಕ್ಮಾಷಿನಲ್ಲಿ ನೆರೆದಿದ್ದಾರೆ. ಸೌಲ ತಾನೇ ಹೋಮ ಮಾಡುತ್ತಾನೆ. ಮುಗಿಯುತ್ತಿದ್ದಂತೆ ಸಮುವೇಲ ಬಂದು ನಿಲ್ಲುತ್ತಾನೆ, ಬಾಗಿಲ ಹಿಂದೆ ಕಾದಿದ್ದವನಂತೆ. ಎರಡನೆಯದು ಹದಿನೈದನೆಯ ಅಧ್ಯಾಯದಲ್ಲಿ. ಅಮಾಲೇಕ್ಯರಲ್ಲಿ ಹೆಂಗಸರು, ಎಳೆಯ ಕೂಸುಗಳು, ದನಕುರಿಗಳನ್ನೂ ಬಿಡದೆ ನಿರ್ಮೂಲ ಮಾಡಬೇಕೆಂಬ ಆಜ್ಞೆ. ಈ ಪುಟವನ್ನು ನಾನು ಎಂದೂ ನಿರುದ್ವಿಗ್ನನಾಗಿ ಓದಲಾರೆ. ಸೌಲ ಅವರ ಅರಸ ಅಗಾಗನನ್ನೂ ಕೊಬ್ಬಿದ ಪಶುಗಳನ್ನೂ ಉಳಿಸುತ್ತಾನೆ. ಅದು ದಯೆಯಿಂದಲ್ಲ ಎಂಬುದನ್ನು ಗಮನಿಸಬೇಕು. ಬಡವರೂ ಮಕ್ಕಳೂ ಉಳಿಯಲಿಲ್ಲ, ಬೆಲೆಬಾಳುವುದು ಉಳಿಯಿತು. ಆಜ್ಞೆಯನ್ನು ಪಾಲಿಸಿದೆನೆಂದು ಅವನು ಹೇಳುತ್ತಿರುವಾಗ ಹಿಂದಿನಿಂದ ಕುರಿಗಳು ಅರಚುತ್ತವೆ. ಹಾಗಾದರೆ ನನ್ನ ಕಿವಿಗೆ ಬೀಳುತ್ತಿರುವ ಈ ದನಿ ಯಾವುದು ಎಂದು ಸಮುವೇಲ ವಿಚಾರಿಸುತ್ತಾನೆ. ಸೌಲ ಒಪ್ಪಿಕೊಳ್ಳುತ್ತಾನೆ: ತಾನು ಜನರಿಗೆ ಹೆದರಿ ಅವರ ಮಾತಿಗೆ ಕಿವಿಗೊಟ್ಟೆ ಎಂದು.

ಎಂಟನೆಯ ಅಧ್ಯಾಯದಲ್ಲಿ ದೇವರು ಸಮುವೇಲನಿಗೆ ಮೂರು ಬಾರಿ ಆಜ್ಞಾಪಿಸಿದ್ದು ಜನರ ಮಾತಿಗೆ ಕಿವಿಗೊಡು ಎಂದೇ. ಜನರ ಮಾತು ಕೇಳಿದ್ದರಿಂದ ಹುಟ್ಟಿದ ಅರಸ ಜನರ ಮಾತು ಕೇಳಿದ್ದಕ್ಕಾಗಿ ತಿರಸ್ಕೃತನಾದ. ಎರಡು ಕಡೆಯೂ ಹೀಬ್ರೂ ಪದಪುಂಜ ಒಂದೇ. ಇನ್ನೊಂದು ಸಂಗತಿಯೂ ಇದೆ. ಸೌಲನನ್ನು ಅರಸನನ್ನಾಗಿ ಮಾಡಿದ್ದಕ್ಕೆ ದೇವರು ಪಶ್ಚಾತ್ತಾಪಪಟ್ಟನೆಂದು ಆ ಅಧ್ಯಾಯ ಎರಡು ಸಲ ಹೇಳುತ್ತದೆ. ದೇವರು ಮನುಷ್ಯನಲ್ಲ, ಪಶ್ಚಾತ್ತಾಪಪಡುವವನಲ್ಲ ಎಂದು ನಡುವೆ ಸಮುವೇಲನ ಬಾಯಿಂದ, ಅದೇ ಕ್ರಿಯಾಪದದಲ್ಲಿ, ನುಡಿಸುತ್ತದೆ. ಭಾಷ್ಯಕಾರರು ಇದಕ್ಕೆ ನೂರು ಸಮನ್ವಯಗಳನ್ನು ಕಟ್ಟಿದ್ದಾರೆ. ನನಗೆ ಅವುಗಳಿಗಿಂತ ಅಧ್ಯಾಯವೇ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ.

ಇಷ್ಟು ಪಾಠವಾದ ಒಂದು ದಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಸರ್, ಹಾಗಾದರೆ ಸೌಲನ ತಪ್ಪು ಏನು? ಅವನಿಗೆ ಅನ್ಯಾಯವಾಗಿದೆ ಅಂತಲೇ ಅಲ್ಲವೇ ನೀವು ಹೇಳುತ್ತಿರುವುದು?" ಎಂದಳು. ಸೋತವನ ಪರ ವಹಿಸುವುದರಲ್ಲಿ ಒಂದು ಸುಖವಿದೆ. ಆಧುನಿಕ ಓದುಗರಾದ ನಾವು ಅದಕ್ಕೆ ಬೇಗ ಒಲಿಯುತ್ತೇವೆ. ನಾನು ಅವಳಿಗೆ ನೋಬಿನ ಕಥೆಯನ್ನು ಓದಿಕೊಂಡು ಬರಲು ಹೇಳಿದೆ.

ನೋಬ್ ಯಾಜಕರ ಊರು. ಸೌಲನಿಂದ ತಪ್ಪಿಸಿಕೊಂಡು ಓಡುತ್ತಿದ್ದ ದಾವೀದನಿಗೆ ಅಲ್ಲಿನ ಯಾಜಕ ಅಹೀಮೆಲೆಕ ರೊಟ್ಟಿಯನ್ನೂ ಗೊಲ್ಯಾತನ ಕತ್ತಿಯನ್ನೂ ಕೊಟ್ಟಿರುತ್ತಾನೆ. ದಾವೀದ ಓಡಿಬಂದವನೆಂಬುದು ಅವನಿಗೆ ತಿಳಿಯದು. ಎದೋಮ್ಯನಾದ ದೋಯೇಗ ಇದನ್ನು ಸೌಲನಿಗೆ ಮುಟ್ಟಿಸುತ್ತಾನೆ. ಸೌಲ ಹೊರಿಸುವ ಆರೋಪಗಳಲ್ಲಿ ಅವನನ್ನು ನಿಜವಾಗಿ ಚುಚ್ಚಿದ್ದು ಯಾವುದೆಂದು ಕ್ರಿಯಾಪದವೇ ಹೇಳುತ್ತದೆ: ಅಹೀಮೆಲೆಕ ದಾವೀದನಿಗಾಗಿ ದೇವರನ್ನು ಕೇಳಿದ, 'ಶಾಅಲ್'. ತನಗೆ ಸಿಗದ ಉತ್ತರವನ್ನು ಈ ಯಾಜಕ ಇನ್ನೊಬ್ಬನಿಗೆ ತರಿಸಿಕೊಟ್ಟನೇ? ಯಾಜಕರ ಮೇಲೆ ಕೈಮಾಡಲು ಸೌಲನ ಸೈನಿಕರೇ ಒಪ್ಪುವುದಿಲ್ಲ. ದೋಯೇಗ ಆ ದಿನ 85 ಮಂದಿ ಯಾಜಕರನ್ನು ಕೊಲ್ಲುತ್ತಾನೆ. ಆಮೇಲೆ ಊರಿನ ಗಂಡಸರು, ಹೆಂಗಸರು, ಮಕ್ಕಳು, ಮೊಲೆಗೂಸುಗಳು, ಎತ್ತು, ಕತ್ತೆ, ಕುರಿ ಎಲ್ಲವೂ ಕತ್ತಿಯ ಬಾಯಿಗೆ. ಈ ಪಟ್ಟಿ ಅಮಾಲೇಕ್ಯರ ಬಗೆಗಿನ ಆಜ್ಞೆಯ ಪಟ್ಟಿಯನ್ನೇ ಹೋಲುತ್ತದೆ. ಶತ್ರುಗಳ ವಿಷಯದಲ್ಲಿ ಪೂರ್ಣವಾಗಿ ಪಾಲಿಸದ ಆಜ್ಞೆಯನ್ನು ಅವನು ತನ್ನದೇ ಯಾಜಕರ ಊರಿನ ಮೇಲೆ ಪೂರ್ಣವಾಗಿ ಪಾಲಿಸಿದ.

ಪಾರಾದವನು ಎಬ್ಯಾತಾರನೊಬ್ಬನೇ. ಅವನು ದಾವೀದನ ಬಳಿಗೆ ಓಡುವಾಗ ಕೈಯಲ್ಲಿ ಏಫೋದನ್ನು ಹಿಡಿದುಕೊಂಡು ಹೋದನೆಂದು ಗ್ರಂಥ ಬಹಳ ಸಾಧಾರಣ ಧಾಟಿಯಲ್ಲಿ ದಾಖಲಿಸುತ್ತದೆ. ಏಫೋದೆಂದರೆ ದೇವರನ್ನು ಕೇಳುವ ಸಾಧನ. ಕೇಳುವ ಸಾಧನವೂ ಕೇಳಿಕೊಡುವ ಯಾಜಕನೂ ಹೀಗೆ ಸೌಲನ ಕೈಯಿಂದಲೇ ದಾವೀದನ ಪಾಳೆಯಕ್ಕೆ ಸಾಗಿಹೋದವು. ಮುಂದೆ ದಾವೀದ ಕೇಳುತ್ತಾನೆ, ಉತ್ತರ ಬರುತ್ತದೆ. ಕೆಯೀಲಾ ಊರಿನ ವಿಷಯದಲ್ಲಿ, ಅಮಾಲೇಕ್ಯರನ್ನು ಹಿಂದಟ್ಟುವಾಗ, ಸೌಲ ಸತ್ತ ಮೇಲೆ ಯೆಹೂದದ ಊರುಗಳಿಗೆ ಹೋಗಲೇ ಎಂದು ವಿಚಾರಿಸುವಾಗ, ಪ್ರತಿ ಸಲವೂ ಅದೇ 'ಶಾಅಲ್', ಪ್ರತಿ ಸಲವೂ ತಡವಿಲ್ಲದ ಉತ್ತರ. ಕೇಳಿ ಪಡೆದವನೆಂಬ ಹೆಸರು ಒಬ್ಬನದು, ಕೇಳಿ ಪಡೆಯುವ ಭಾಗ್ಯ ಇನ್ನೊಬ್ಬನದು. ಇದನ್ನು ದೈವಸಂಕಲ್ಪವೆಂದು ಓದಬಹುದು, ದಾವೀದನ ಆಸ್ಥಾನದ ಪ್ರಚಾರವೆಂದೂ ಓದಬಹುದು. ಆದರೆ ಆ ಮೌನದ ಹಿಂದೆ 85 ಹೆಣಗಳಿದ್ದವು ಎಂಬುದನ್ನು ಮರೆತು ಸೌಲನಿಗಾಗಿ ಕಣ್ಣೀರಿಡುವುದು ಸಾಧ್ಯವಿಲ್ಲ. ಆ ವಿದ್ಯಾರ್ಥಿನಿ ಮರುವಾರ ಬಂದು ಏನೂ ಹೇಳಲಿಲ್ಲ. ಸುಮ್ಮನೆ, "ಎಂದೋರ್ ಪಾಠ ಯಾವಾಗ ಸರ್?" ಎಂದಳು.

ಎಂದೋರಿನ ಪ್ರಸಂಗ ಇಪ್ಪತ್ತೆಂಟನೆಯ ಅಧ್ಯಾಯದಲ್ಲಿದೆ. ಸಮುವೇಲ ಸತ್ತಿದ್ದಾನೆ. ಗಿಲ್ಬೋವದ ಬೆಟ್ಟದಲ್ಲಿ ಸೌಲನ ಪಾಳೆಯ, ಎದುರಿಗೆ ಫಿಲಿಷ್ಟಿಯರ ದಂಡು. ಸೌಲ ಯೆಹೋವನನ್ನು ಕೇಳಿದನು, ಯೆಹೋವನು ಕನಸಿನಿಂದಾಗಲಿ ಊರೀಮಿನಿಂದಾಗಲಿ ಪ್ರವಾದಿಗಳಿಂದಾಗಲಿ ಉತ್ತರಿಸಲಿಲ್ಲ ಎಂದು ಗ್ರಂಥ ಸ್ಪಷ್ಟವಾಗಿ ಬರೆದಿದೆ. ಹೀಬ್ರೂವಿನಲ್ಲಿ 'ಕೇಳಿದ' ಎಂಬ ಕ್ರಿಯೆಯೂ 'ಸೌಲ' ಎಂಬ ಹೆಸರೂ ಒಂದರ ಪಕ್ಕದಲ್ಲೊಂದು ನಿಂತು, ಗಟ್ಟಿಯಾಗಿ ಓದಿದರೆ ಪ್ರತಿಧ್ವನಿಯಂತೆ ಕೇಳುತ್ತವೆ. ಸತ್ತವರನ್ನು ಎಬ್ಬಿಸಿ ವಿಚಾರಿಸುವವರನ್ನು ದೇಶದಿಂದ ಓಡಿಸಿದ್ದ ಅರಸ ಆಗ ವೇಷ ಮರೆಸಿಕೊಂಡು, ರಾತ್ರಿಯಲ್ಲಿ, ಅಂಥದೇ ಒಬ್ಬ ಹೆಂಗಸಿನ ಬಾಗಿಲಿಗೆ ಹೋಗುತ್ತಾನೆ. ಸ್ವರಚಿಹ್ನೆಗಳಿಲ್ಲದೆ ಬರೆದರೆ ಸೌಲನ ಹೆಸರೂ ಸತ್ತವರ ಲೋಕದ ಹೆಸರಾದ 'ಶೆಓಲ್' ಎಂಬುದೂ ಒಂದೇ ಅಕ್ಷರಗಳು. ಗ್ರಂಥ ಈ ಶ್ಲೇಷವನ್ನು ಇಲ್ಲಿ ಬಳಸಿಲ್ಲ. ನಾನೂ ಅದನ್ನು ಎಳೆಯಲು ಹೋಗುವುದಿಲ್ಲ.

ನಿಲುವಂಗಿ ಹೊದ್ದ ಮುದುಕ ಭೂಮಿಯೊಳಗಿಂದ ಮೇಲೆ ಬರುತ್ತಾನೆ. ಬದುಕಿದ್ದಾಗ ಹೇಳಿದ್ದನ್ನೇ ಸತ್ತ ಮೇಲೂ ಹೇಳುತ್ತಾನೆ. ನಾಳೆ ನೀನೂ ನಿನ್ನ ಮಕ್ಕಳೂ ನನ್ನ ಬಳಿ ಇರುವಿರಿ ಎಂಬಷ್ಟನ್ನು ಸೇರಿಸುತ್ತಾನೆ. ಹಗಲು ರಾತ್ರಿ ಏನನ್ನೂ ತಿನ್ನದ ಆ ಎತ್ತರದ ಮನುಷ್ಯ ಉದ್ದಕ್ಕೂ ನೆಲಕ್ಕೆ ಬೀಳುತ್ತಾನೆ. ಪ್ರವಾದಿಯ ಪಾತ್ರ ಅಲ್ಲಿಗೆ ಮುಗಿಯಿತು. ಆಮೇಲಿನದು ಆ ಹೆಂಗಸಿನದು. ಗ್ರಂಥ ಅವಳ ಹೆಸರನ್ನೂ ಹೇಳುವುದಿಲ್ಲ. ಜೀವದ ಹಂಗು ತೊರೆದು ನಿನ್ನ ಮಾತಿಗೆ ಕಿವಿಗೊಟ್ಟೆನಲ್ಲ, ಈಗ ನೀನು ನನ್ನ ಮಾತಿಗೆ ಕಿವಿಗೊಡು, ಒಂದು ತುತ್ತು ತಿನ್ನು, ಎಂದು ಅವಳು ಒತ್ತಾಯಿಸುತ್ತಾಳೆ. ಇಲ್ಲಿರುವುದು 'ಶಾಮಅ'. ದೇವರ ಮಾತಿಗೆ ಕಿವಿಗೊಡಲಿಲ್ಲವೆಂದು ಸಿಂಹಾಸನ ಕಳೆದುಕೊಂಡವನು ಕಡೆಗೆ ಕಿವಿಗೊಟ್ಟದ್ದು ತಾನೇ ಬಹಿಷ್ಕರಿಸಿದ ಕಸುಬಿನ ಹೆಂಗಸಿನ ಮಾತಿಗೆ. ಅವಳು ಮನೆಯಲ್ಲಿದ್ದ ಕೊಬ್ಬಿದ ಕರುವನ್ನು ಕೊಯ್ದು, ಹಿಟ್ಟು ನಾದಿ, ಹುಳಿಯಿಲ್ಲದ ರೊಟ್ಟಿ ಸುಟ್ಟು ಬಡಿಸುತ್ತಾಳೆ. ಅವನು ಉಂಡು, ಎದ್ದು, ಆ ರಾತ್ರಿಯೇ ಹೊರಟುಹೋಗುತ್ತಾನೆ. ದಾವೀದನ ವಂಶದ ಪ್ರಚಾರಕನಿಗೆ ಈ ಊಟದ ಅಗತ್ಯವಿರಲಿಲ್ಲ. ಸಮುವೇಲನ ಶಾಪದೊಂದಿಗೆ ಅಧ್ಯಾಯವನ್ನು ಮುಗಿಸಬಹುದಿತ್ತು. ಯಾರೋ ಅದನ್ನು ಕತ್ತರಿಸದೆ ಉಳಿಸಿದರು.

ಕತ್ತರಿಸಬಲ್ಲವರು ಇರಲಿಲ್ಲವೆಂದಲ್ಲ. ಶತಮಾನಗಳ ಬಳಿಕ, ಪರ್ಷಿಯನ್ನರ ಆಳ್ವಿಕೆಯ ಕೊನೆಯ ಹೊತ್ತಿಗೆ ಸುಮಾರಾಗಿ, ಇದೇ ಇತಿಹಾಸವನ್ನು ಮತ್ತೊಬ್ಬ ಬರೆದ. ಅದು ಕನ್ನಡ ಬೈಬಲಿನಲ್ಲಿ ಪೂರ್ವಕಾಲವೃತ್ತಾಂತ ಎಂಬ ಹೆಸರಿನ ಗ್ರಂಥ. ಅದರಲ್ಲಿ ದಾವೀದನು ಊರೀಯನ ಹೆಂಡತಿಯನ್ನು ತೆಗೆದುಕೊಂಡ ಕಥೆ ಇಲ್ಲ. ಸೌಲನ ವಂಶಾವಳಿ ಬಿಟ್ಟರೆ ಅವನ ಆಳ್ವಿಕೆಗೆ ಸಿಕ್ಕಿರುವುದು ಒಂದೇ ಅಧ್ಯಾಯ, ಅದೂ ಅವನು ಸಾಯುವ ಅಧ್ಯಾಯ. ಕೊನೆಯಲ್ಲಿ ಎರಡು ವಾಕ್ಯಗಳ ತೀರ್ಪು: ಅವನು ದ್ರೋಹಿ, ಸತ್ತವರನ್ನು ಎಬ್ಬಿಸುವವಳ ಮೂಲಕ ಕೇಳಿದ, ಯೆಹೋವನನ್ನು ಅರಸಲಿಲ್ಲ. ಮೊದಲ ಭಾಗಕ್ಕೆ 'ಶಾಅಲ್', ಎರಡನೆಯದಕ್ಕೆ 'ದಾರಶ್' ಎಂಬ ಬೇರೆ ಕ್ರಿಯಾಪದ. ಸಮುವೇಲನ ಗ್ರಂಥವಾದರೋ ಅವನು ಯೆಹೋವನನ್ನು ಕೇಳಿದನೆಂದೇ ಬರೆದಿತ್ತು. ಕೇಳುವುದು ಬೇರೆ, ಮನಸಾರೆ ಅರಸುವುದು ಬೇರೆ ಎಂದು ವಾದಿಸಿ ಎರಡನ್ನೂ ಹೊಂದಿಸಿದವರಿದ್ದಾರೆ. ಅದು ವ್ಯಾಕರಣದ ಸಹಾಯದಿಂದ ಕೊಟ್ಟ ಜಾಮೀನು. ಅರಸನೇ ಅರಸಲಿಲ್ಲ ಎಂದು ಕನ್ನಡದಲ್ಲಿ ಬರೆಯುವಾಗ ಆ ತೀರ್ಪು ಇನ್ನಷ್ಟು ಹರಿತವಾಗಿ ಕೇಳುತ್ತದೆ. ಅದು ನಮ್ಮ ಭಾಷೆಯ ಆಕಸ್ಮಿಕ, ವೃತ್ತಾಂತಕಾರನಿಗೆ ಅದರ ಪುಣ್ಯ ಸಲ್ಲಬೇಕಾಗಿಲ್ಲ. ನಮ್ಮ ಅದೃಷ್ಟವೆಂದರೆ ಯೆಹೂದ್ಯ ಪರಂಪರೆ ಈ ಹೊಸ ಗ್ರಂಥವನ್ನು ಇಟ್ಟುಕೊಂಡು ಹಳೆಯದನ್ನು ಎಸೆಯಲಿಲ್ಲ. ಎರಡನ್ನೂ ಒಂದೇ ಪವಿತ್ರ ಸಂಪುಟದಲ್ಲಿ ಕಟ್ಟಿಟ್ಟಿತು.

ಗಿಲ್ಬೋವದಲ್ಲಿ ಸೌಲ ತನ್ನ ಕತ್ತಿಯ ಮೇಲೆ ಬಿದ್ದು ಸತ್ತ. ಫಿಲಿಷ್ಟಿಯರು ಅವನ ದೇಹವನ್ನು ಬೇತ್ಷೆಯಾನಿನ ಗೋಡೆಗೆ ತೂಗುಹಾಕಿದರು. ಒಂದು ಕಾಲದಲ್ಲಿ ಅವನು ಕಣ್ಣುಳಿಸಿದ್ದ ಯಾಬೇಷ್ ಗಿಲ್ಯಾದಿನ ಜನ ರಾತ್ರಿಯೆಲ್ಲ ನಡೆದು ಬಂದು ಅವನನ್ನೂ ಅವನ ಮಕ್ಕಳನ್ನೂ ಇಳಿಸಿ ಕೊಂಡೊಯ್ದು, ಸುಟ್ಟು, ಎಲುಬುಗಳನ್ನು ಮರದಡಿ ಹೂಳಿ, ಏಳು ದಿನ ಉಪವಾಸವಿದ್ದರು. ಬಹಳ ವರ್ಷಗಳ ಮೇಲೆ ದಾವೀದನ ರಾಜ್ಯದಲ್ಲಿ ಮೂರು ವರ್ಷ ಬರ ಬಿತ್ತು. ಸೌಲನು ಗಿಬ್ಯೋನ್ಯರನ್ನು ಕೊಂದ ಪಾಪವೇ ಕಾರಣವೆಂದು ದೈವೋತ್ತರ ಬಂತು. ಅಂಥ ಕೊಲೆಯ ವೃತ್ತಾಂತ ಗ್ರಂಥದಲ್ಲಿ ಬೇರೆಲ್ಲೂ ಇಲ್ಲ, ಈ ಉತ್ತರದಲ್ಲಿ ಮಾತ್ರ. ಸೌಲನ ಮನೆಯವರ ರಕ್ತ ನಿನ್ನ ಮೇಲಿದೆ ಎಂದು ದಾವೀದನ ಮೇಲೆ ಕಲ್ಲೆಸೆದು ಶಪಿಸಿದ ಶಿಮ್ಮಿಯ ಮಾತನ್ನೂ ಗ್ರಂಥ ಉಳಿಸಿಕೊಂಡಿದೆ. ಓದುಗ ತೂಗಿ ನೋಡಬಹುದು. ಗಿಬ್ಯೋನ್ಯರು ಕೇಳಿದಂತೆ ಸೌಲನ ಮಕ್ಕಳು ಮೊಮ್ಮಕ್ಕಳು ಏಳು ಮಂದಿಯನ್ನು ಬೆಟ್ಟದ ಮೇಲೆ ಕೊಂದರು. ಅವರಲ್ಲಿ ಇಬ್ಬರು ಸೌಲನ ಉಪಪತ್ನಿ ರಿಚ್ಪಳ ಮಕ್ಕಳು.

ರಿಚ್ಪ ಬಂಡೆಯ ಮೇಲೆ ಗೋಣಿತಟ್ಟನ್ನು ಹಾಸಿಕೊಂಡು ಕುಳಿತಳು. ಅದು ಜವೆಗೋಧಿಯ ಕೊಯ್ಲು ಆರಂಭವಾಗುವ ಕಾಲ. ಆಗಿನಿಂದ ಆಕಾಶದಿಂದ ಮಳೆ ಬೀಳುವವರೆಗೂ ಹಗಲು ಹಕ್ಕಿಗಳನ್ನೂ ರಾತ್ರಿ ಕಾಡುಮೃಗಗಳನ್ನೂ ಆ ಏಳು ಶವಗಳ ಹತ್ತಿರ ಸುಳಿಯಗೊಡಲಿಲ್ಲ. ಎಲ್ಲರೂ ಏನಾದರೊಂದನ್ನು ಕೇಳುವ ಈ ಗ್ರಂಥದಲ್ಲಿ ಅವಳು ಯಾರನ್ನೂ ಏನನ್ನೂ ಕೇಳುವುದಿಲ್ಲ. ಅವಳ ಬಾಯಲ್ಲಿ ಒಂದು ಮಾತೂ ಇಲ್ಲ. ಅವಳು ಮಾಡಿದ್ದನ್ನು ಯಾರೋ ದಾವೀದನಿಗೆ ತಿಳಿಸಿದರು. ಅವನು ಹೋಗಿ ಯಾಬೇಷಿನಿಂದ ಸೌಲನ ಮತ್ತು ಯೋನಾತಾನನ ಎಲುಬುಗಳನ್ನು ತರಿಸಿದ. ಬೆಟ್ಟದ ಮೇಲಿದ್ದ ಏಳು ಮಂದಿಯ ಎಲುಬುಗಳನ್ನೂ ಆರಿಸಿದರು. ಬೆನ್ಯಾಮೀನರ ಸೀಮೆಯ ಚೇಲದಲ್ಲಿದ್ದ ಕೀಷನ ಸಮಾಧಿಯಲ್ಲಿ, ಕಳೆದುಹೋದ ಕತ್ತೆಗಳನ್ನು ಹುಡುಕಲು ಮಗನನ್ನು ಕಳಿಸಿದ್ದ ಆ ತಂದೆಯ ಬಳಿ, ಸೌಲನನ್ನು ಇಟ್ಟರು.